ಮೊತ್ತ = ಮೊತ್ತ + 5

ಪ್ರೋಗ್ರಾಮಿಂಗ್ ಕಲಿಯಲು ಕೂತವರನ್ನು ಶುರುವಿನಲ್ಲೇ ತಬ್ಬಿಬ್ಬು ಮಾಡುವ ಸಾಲು ಇದು. ಹೈಸ್ಕೂಲಿನ ಬೀಜಗಣಿತ ಇದನ್ನು ಒಪ್ಪುವುದಿಲ್ಲ: ಎರಡೂ ಕಡೆಯಿಂದ ಮೊತ್ತವನ್ನು ಕಳೆದರೆ ಸೊನ್ನೆಯೂ ಐದೂ ಒಂದೇ ಎಂದಾಗಿಬಿಡುತ್ತದೆ! ಗಣಿತ ಚೆನ್ನಾಗಿ ಬರುವವರೇ ಇಲ್ಲಿ ತಕರಾರು ತೆಗೆದರೆ ಆಶ್ಚರ್ಯವಿಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾತ್ರ ಇದನ್ನು ತಕರಾರಿಲ್ಲದೆ ನಡೆಸುತ್ತದೆ, ಹೆಸರು ಕನ್ನಡದಲ್ಲೇ ಇದ್ದರೂ ಸರಿ. ಅಲ್ಲಿ = ಚಿಹ್ನೆ ಒಂದು ಅಪ್ಪಣೆ. ಮೊದಲು ಬಲಗಡೆಯ ಲೆಕ್ಕ ಮುಗಿಯಬೇಕು, ಬಂದ ಉತ್ತರ ಎಡಗಡೆಯ ಹೆಸರಿಗೆ ಸೇರಬೇಕು. ಮೊತ್ತ 10 ಇದ್ದದ್ದು 15 ಆಯಿತು, ಹಳೆಯ 10 ಹೋಯಿತು. ಎರಡು ಬೆಲೆ ಸಮವೇ ಎಂದು ಕೇಳಬೇಕಿದ್ದರೆ ಚಿಹ್ನೆಯನ್ನು ಎರಡು ಸಲ ಒತ್ತಬೇಕು.

ಎಲ್ಲ ಭಾಷೆಗಳೂ ಹೀಗೇ ಇರಲಿಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ವಿಜ್ಞಾನ ಓದದವರನ್ನೂ ಮನಸ್ಸಿನಲ್ಲಿಟ್ಟು ರೂಪಿಸಿದ ಬೇಸಿಕ್‌ನಲ್ಲಿ ಇಂಥ ಸಾಲಿನ ಮೊದಲಿಗೆ ‘ಲೆಟ್’ ಎಂದು ಬರೆಯಬೇಕಿತ್ತು. 1970ರಲ್ಲಿ ಬಂದ ನಿಕ್ಲಾಸ್ ವಿರ್ತ್ ಅವರ ಪಾಸ್ಕಲ್‌ನಲ್ಲಿ ಚಿಹ್ನೆಯ ಹಿಂದೆ ಎರಡು ಚುಕ್ಕಿ. ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಪೈಥಾನ್, ಬರೀ = ಸಾಕೆನ್ನುವ ಸಿ ಭಾಷೆಯ ಜಾಡು ಹಿಡಿಯಿತು. ನನ್ನ ಕೇಳಿದರೆ ಆ ಎರಡು ಚುಕ್ಕಿಯೇ ವಾಸಿಯಿತ್ತು.

ಈ ಗೊಂದಲಕ್ಕೆ ಮದ್ದು ಕಾಗದ, ಪೆನ್ಸಿಲ್. ಕಾಲೇಜುಗಳಲ್ಲಿ ಡ್ರೈ ರನ್ ಎನ್ನುತ್ತಾರೆ: ಕಂಪ್ಯೂಟರ್ ಮುಟ್ಟದೆ ಒಂದೊಂದೇ ಸಾಲು ಓದಿ, ಯಾವ ಹೆಸರಿಗೆ ಈಗ ಯಾವ ಬೆಲೆ ಎಂದು ಬರೆದುಕೊಳ್ಳುತ್ತ ಹೋಗುವುದು. 1ರಿಂದ 5ರವರೆಗೆ ಕೂಡಲು, ಒಂದೇ ಸಾಲನ್ನು ಮತ್ತೆ ಮತ್ತೆ ನಡೆಸುವ ಲೂಪಿಗೆ ‘ರೇಂಜ್(1, 5)’ ಎಂದು ಕೊಟ್ಟಿದ್ದೀರಿ ಎನ್ನಿ. ಕಾಗದದಲ್ಲಿ 0, 1, 3, 6, 10 ಎಂದು ಬಂದು ಲೆಕ್ಕ ನಿಂತುಬಿಡುತ್ತದೆ. 15 ಬರಲೇ ಇಲ್ಲ! ರೇಂಜ್‌ಗೆ ಕೊಟ್ಟ ಕೊನೆಯ ಅಂಕಿ ಎಣಿಕೆಗೆ ಸೇರುವುದಿಲ್ಲ. ಅಲ್ಲಿ 6 ಇರಬೇಕಿತ್ತು. ಹೀಗೆ ಕೈಯಾರೆ ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ, ಪುಸ್ತಕದಲ್ಲಿ ಅಡಿಗೆರೆ ಎಳೆದದ್ದು ಉಳಿಯುವುದಿಲ್ಲ. ಈಗೇನೋ ಎಐ ಕೇಳಿದ ಕೂಡಲೇ ಕೋಡ್ ಬರೆದುಕೊಡುತ್ತದೆ. ಅದು ಕೊಟ್ಟದ್ದು ಸರಿಯೇ ಎಂದು ನೋಡಲಿಕ್ಕೂ ಡ್ರೈ ರನ್ ಬರಬೇಕು.

ಕಾಗದದಲ್ಲಿ ಸಿಕ್ಕದೆ ನುಣುಚಿಕೊಳ್ಳುವ ತಪ್ಪೂ ಒಂದಿದೆ. ಕೀಬೋರ್ಡಿನಿಂದ 10 ಮತ್ತು 5 ತೆಗೆದುಕೊಂಡು ಕೂಡಿಸಿದರೆ ಪೈಥಾನ್ 105 ಎನ್ನುತ್ತದೆ. ‘ಇನ್‌ಪುಟ್’ ತಂದುಕೊಡುವುದೆಲ್ಲ ಅದಕ್ಕೆ ಬರೀ ಅಕ್ಷರಗಳು. ಒಂದರ ಪಕ್ಕ ಇನ್ನೊಂದನ್ನು ಅಂಟಿಸಿತು, ಅಷ್ಟೆ. ‘ಇಂಟ್’ ಹಾಕಿ ಸಂಖ್ಯೆಯಾಗಿ ಬದಲಿಸಿಕೊಂಡರೆ 15. ಕನ್ನಡ ಅಂಕಿಯಲ್ಲಿ ೧೦ ಎಂದು ಒತ್ತಿದರೂ ಇಂಟ್ ಅದನ್ನು ಹತ್ತೆಂದೇ ಓದುತ್ತದೆ; ‘ಹತ್ತು’ ಎಂದು ಅಕ್ಷರದಲ್ಲಿ ಬರೆದರೆ ಮಾತ್ರ ಪರದೆಯ ಮೇಲೆ ಎರರ್. ಗಾಬರಿಯಾಗದೆ ಅದರ ಕೊನೆಯ ಸಾಲನ್ನು ಮೊದಲು ಓದಿ. ಏನು ತಪ್ಪು ಎಂಬುದು ಅಲ್ಲಿರುತ್ತದೆ, ಎಷ್ಟನೆಯ ಸಾಲಿನಲ್ಲಿ ಎಂಬುದು ಅದಕ್ಕಿಂತ ಮೇಲೆ.