ಉಪ್ಪುನೀರಿನ ಮೀನುತೊಟ್ಟಿಗೆ ನೊರೆಶೋಧಕವನ್ನು ಆರಿಸುವ ವಿಚಾರ

ಮಳೆಗಾಲದಲ್ಲಿ ಕಡಲ ತೀರಕ್ಕೆ ಹೋದವರು, ತೆರೆಗಳು ಮರಳಿನ ಮೇಲೆ ಬಿಟ್ಟುಹೋಗುವ ಕಂದುಬಣ್ಣದ ನೊರೆಯನ್ನು ಕಂಡೇ ಇರುವರು. ಸತ್ತು ಕರಗಿದ ಪಾಚಿ ಮೊದಲಾದವುಗಳಿಂದ ನೀರಿಗೆ ಸೇರಿದ ದ್ರವ್ಯಗಳು ಗಾಳಿಯ ಗುಳ್ಳೆಗಳಿಗೆ ಅಂಟಿಕೊಂಡು ದಡಕ್ಕೆ ಬರುವುದೇ ಆ ನೊರೆಗೆ ಕಾರಣವು. ಇದೇ ಸಂಗತಿಯನ್ನು ಒಂದು ಕೊಳವೆಯೊಳಗೆ ನಡೆಯುವಂತೆ ಮಾಡಿ, ಮನೆಯ ಉಪಯೋಗಕ್ಕೆ ತಂದ ಯಂತ್ರಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂದು ಹೆಸರು. ನಾವು ಇದನ್ನು ನೊರೆಶೋಧಕವೆಂದು ಕರೆಯುವೆವು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಚೆಗೆ ಮನೆಯಲ್ಲಿ ಉಪ್ಪುನೀರಿನ ತೊಟ್ಟಿಯನ್ನಿಟ್ಟಿರುವರು. ಮಕ್ಕಳ ಒತ್ತಾಯಕ್ಕೆ ಒಳಗಾಗಿ ಇಡಬೇಕೆಂದಿರುವ ತಂದೆತಾಯಿಗಳೂ ಉಂಟು. ಅಂಥವರಿಗೆ ನೊರೆಶೋಧಕವೇ ಬಹುಮಟ್ಟಿಗೆ ಹೆಚ್ಚು ಬೆಲೆಯ ಸಾಮಾನುಗಳಲ್ಲೊಂದು. ಅದನ್ನು ವಿಚಾರಿಸದೆ ಕೊಂಡರೆ ಹಣ ಹೋಗುವುದಲ್ಲದೆ, ನಮ್ಮನ್ನೇ ನಂಬಿರುವ ಮೂಕಪ್ರಾಣಿಗಳ ಜೀವವೂ ಹೋಗುವುದು. ನಾವು ಮೊದಲನೆಯ ತೊಟ್ಟಿಯನ್ನಿಟ್ಟಾಗ ಇದನ್ನು ನಷ್ಟದಿಂದಲೇ ಕಲಿತೆವು. "ಯಂತ್ರವು ದೊಡ್ಡದಾದಷ್ಟೂ ಒಳ್ಳೆಯದು" ಎಂಬ ಅಂಗಡಿಯವರ ಮಾತನ್ನು ನಂಬಿ, ಸಾವಿರ ಲೀಟರಿಗೆ ತಕ್ಕದ್ದೆಂದು ಬರೆದಿದ್ದ ಯಂತ್ರವನ್ನು ತಂದು, ಎರಡೇ ಕ್ಲೌನ್ ಮೀನುಗಳಿದ್ದ ಸಣ್ಣ ತೊಟ್ಟಿಗೆ ಕೂಡಿಸಿದೆವು. ಇಷ್ಟು ದೊಡ್ಡ ಯಂತ್ರವಿರುವಾಗ ಭಯವೇನೆಂದು ಆಹಾರವನ್ನು ಧಾರಾಳವಾಗಿ ಹಾಕಿದೆವು. ಯಂತ್ರದ ಬಟ್ಟಲು ಒಣಗಿಯೇ ಇತ್ತು. ತಿಂಗಳೊಳಗೆ ಒಂದು ಮೀನು ಸತ್ತಿತು. ನೀರನ್ನು ಪರೀಕ್ಷಿಸಿದಾಗ ಅದರಲ್ಲಿ ಅಮೋನಿಯಾ ಸೇರಿತ್ತು. ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ತಿಳಿಯಬೇಕಾದರೆ ಯಂತ್ರವು ಮಾಡುವ ಕೆಲಸವನ್ನು ಮೊದಲು ತಿಳಿಯಬೇಕು.

ಮೀನಿನ ಮಲ, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿಗೆ ಸೇರುವ ಪ್ರೋಟೀನು ಮೊದಲಾದ ದ್ರವ್ಯಗಳ ಅಣುಗಳಲ್ಲಿ ಅನೇಕಕ್ಕೆ ಒಂದು ತುದಿ ನೀರನ್ನು ಬಯಸುವುದು, ಮತ್ತೊಂದು ತುದಿ ನೀರನ್ನು ಒಲ್ಲದು. ಇಂಥ ಅಣುವಿಗೆ ನೀರೂ ಗಾಳಿಯೂ ಕೂಡುವ ಅಂಚೇ ನೆಮ್ಮದಿಯ ಸ್ಥಾನವು. ಆದುದರಿಂದ ನೀರಿನೊಳಗೆ ಸಣ್ಣ ಗುಳ್ಳೆಗಳನ್ನು ಹಾಯಿಸಿದರೆ ಅವು ಗುಳ್ಳೆಗಳ ಮೈಗೆ ಅಂಟಿ ಮೇಲೇರುವುವು. ಕೊಳವೆಯ ಕಿರಿದಾದ ಕೊರಳಿನಲ್ಲಿ ನೊರೆಯು ಒತ್ತೊತ್ತಾಗಿ, ಅದರ ನೀರು ಕೆಳಗೆ ಸೋರಿ, ಗಟ್ಟಿಯಾದ ಕೊಳೆಯು ಬಟ್ಟಲಿಗೆ ಬೀಳುವುದು. ಒಂದೇ ಪ್ರಮಾಣದ ಗಾಳಿಯನ್ನು ಅರ್ಧ ಅಡ್ಡಳತೆಯ ಗುಳ್ಳೆಗಳಾಗಿ ಒಡೆದರೆ ಅವುಗಳ ಮೈಯ ವಿಸ್ತಾರವು ಎರಡರಷ್ಟಾಗುವುದು. ಸಣ್ಣ ಗುಳ್ಳೆಗಳು ನಿಧಾನವಾಗಿ ಏರುವುದರಿಂದ ಕೊಳೆ ಅಂಟಲು ಹೆಚ್ಚು ಸಮಯವೂ ದೊರೆಯುವುದು. ಸಿಹಿನೀರಿನಲ್ಲಿ ಗುಳ್ಳೆಗಳು ಒಂದರೊಡನೊಂದು ಕೂಡಿ ಬೇಗನೆ ದೊಡ್ಡವಾಗುವುವು. ಉಪ್ಪುನೀರಿನಲ್ಲಿ ಹಾಗಾಗದೆ ಸಣ್ಣವಾಗಿಯೇ ಉಳಿಯುವುವು. ಇದರಿಂದಲೇ ಈ ಯಂತ್ರವು ಸಿಹಿನೀರಿನ ಸಣ್ಣ ತೊಟ್ಟಿಗಳಿಗೆ ಬಾರದು.

ಕೊಳೆಯು ಕೊಳೆತು ಅಮೋನಿಯಾ ಆಗುವುದಕ್ಕೆ ಮುಂಚೆಯೇ ಅದನ್ನು ಹೊರಗೆ ಹಾಕುವುದು ಇದರ ಮುಖ್ಯ ಗುಣ. ನೀರಿಗೆ ಗಾಳಿಯನ್ನು ಕೂಡಿಸುವುದು ಎರಡನೆಯ ಗುಣ. ಆದರೆ ಒಮ್ಮೆ ಹುಟ್ಟಿದ ಅಮೋನಿಯಾ, ನೈಟ್ರೈಟ್, ನೈಟ್ರೇಟುಗಳನ್ನು ಇದು ತೆಗೆಯಲಾರದು. ಅಮೋನಿಯಾವನ್ನು ನೈಟ್ರೈಟಾಗಿಯೂ, ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಕೆಲಸವು ಕಲ್ಲು ಮರಳುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳದು. ಅವು ನೆಲೆಗೊಳ್ಳಲು ಕೆಲವು ವಾರಗಳು ಬೇಕು. ನಾವು ಆ ವಾರಗಳನ್ನು ಕಾಯದೆ ಯಂತ್ರವನ್ನೇ ನಂಬಿದ್ದೆವು. ಅದೇ ನಮ್ಮ ತಪ್ಪು.

ಇನ್ನು ಆರಿಸುವ ಕ್ರಮ. ಮೊದಲು ನಿಜವಾದ ನೀರೆಷ್ಟೆಂದು ಲೆಕ್ಕಮಾಡತಕ್ಕದ್ದು. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರವುಳ್ಳ ತೊಟ್ಟಿಯು ಲೆಕ್ಕಕ್ಕೆ ಸುಮಾರು 182 ಲೀಟರು. ಕಲ್ಲು, ಮರಳು, ಮೇಲಿನ ಬರಿಯ ಅಂಚು ಇವನ್ನು ಕಳೆದರೆ 150 ಲೀಟರು ಉಳಿದೀತು. ಕೆಳಗೆ ಸಂಪ್ ಎಂಬ ಎರಡನೆಯ ತೊಟ್ಟಿಯಿದ್ದರೆ ಅದರ ನೀರನ್ನೂ ಕೂಡಿಸಬೇಕು.

ಎರಡನೆಯದಾಗಿ ಪ್ರಾಣಿಗಳ ಭಾರವನ್ನು ನೋಡಬೇಕು. ತಯಾರಕರು ಪೆಟ್ಟಿಗೆಯ ಮೇಲೆ ಬರೆಯುವ ಲೀಟರುಗಳ ಸಂಖ್ಯೆಗೆ ಎಲ್ಲರೂ ಒಪ್ಪಿದ ಅಳತೆಯೊಂದಿಲ್ಲ. ಅದು ಅನೇಕ ವೇಳೆ ಮೀನು ಕಡಮೆಯಿರುವ ತೊಟ್ಟಿಗೆ ಹೇಳಿದ ಮಾತು. ಮೀನುಗಳು ಹೆಚ್ಚಾಗಿದ್ದು ದಿನಕ್ಕೆ ಹಲವು ಸಲ ಆಹಾರ ಹಾಕುವವರು ಆ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಎಣಿಸುವುದು ಕ್ಷೇಮ. ಆದರೆ ಅತಿ ದೊಡ್ಡದೂ ದೋಷವೇ. ಕೊರಳು ಅಗಲವಾಗಿ ಕೊಳೆ ಸ್ವಲ್ಪವೇ ಇದ್ದಲ್ಲಿ ನೊರೆಯು ನಿಲ್ಲದೆ ಒಡೆದು ಕೆಳಗೆ ಬೀಳುವುದು. ನಮ್ಮ ಬಟ್ಟಲು ಒಣಗಿದ್ದುದು ಇದರಿಂದಲೇ.

ಮೂರನೆಯದು ಸ್ಥಳ. ಸಂಪ್ ಇದ್ದವರು ಅದರೊಳಗೆ ನಿಲ್ಲಿಸುವ ಯಂತ್ರವನ್ನು ಕೊಳ್ಳುವುದು ಲೇಸು. ನೀರು ಚೆಲ್ಲಿದರೂ ಅಲ್ಲಿಯೇ ಉಳಿಯುವುದು. ಆದರೆ ನೀರಿನ ಆಳವು ತಯಾರಕರು ಹೇಳಿದಷ್ಟೇ ಇದ್ದು ಏರಿಳಿಯದಿರಬೇಕು. ಏರಿದರೆ ಬಟ್ಟಲು ನೀರಿನಿಂದ ತುಂಬುವುದು, ಇಳಿದರೆ ನೊರೆ ಮೇಲೆ ಬಾರದು. ಸಂಪ್ ಇಲ್ಲದವರು ತೊಟ್ಟಿಯ ಹಿಂಬದಿಗೆ ತೂಗುಹಾಕುವ ಬಗೆಯನ್ನು ಕೊಳ್ಳಬಹುದು; ಆದರೆ ಅದು ಉಕ್ಕಿದರೆ ನೀರು ನೆಲಕ್ಕೇ ಬೀಳುವುದೆಂಬುದನ್ನು ಮರೆಯಬಾರದು.

ನಾಲ್ಕನೆಯದು ಗುಳ್ಳೆಗಳನ್ನು ಮಾಡುವ ರೀತಿ. ಗಾಳಿಪಂಪಿಗೆ ಮರದ ತುಂಡನ್ನು ಸಿಕ್ಕಿಸಿದ ಹಳೆಯ ಬಗೆಯು ಅಗ್ಗವಾದುದು, ಸಣ್ಣ ತೊಟ್ಟಿಗೆ ಸಾಕಾಗುವುದು. ಆದರೆ ಮರವನ್ನು ಕೆಲವು ವಾರಗಳಿಗೊಮ್ಮೆ ಬದಲಿಸಬೇಕು. ನೀರಿನ ಓಟದಿಂದಲೇ ಗಾಳಿಯನ್ನೆಳೆಯುವ ವೆಂಚುರಿ ಬಗೆಗೆ ಬಲವಾದ ಪಂಪು ಬೇಕು. ಪಂಪಿನ ಚಕ್ರಕ್ಕೆ ಸೂಜಿಯಂಥ ಹಲ್ಲುಗಳಿದ್ದು, ಅವು ಗಾಳಿಯನ್ನು ಕತ್ತರಿಸಿ ಹಾಲಿನಂತೆ ಬೆಳ್ಳಗಾದ ಗುಳ್ಳೆಗಳನ್ನು ಮಾಡುವ ಬಗೆಯು ಈಗ ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಸ್ವಲ್ಪ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡುವುದರಿಂದ ನಾವು ಅದನ್ನೇ ಸೂಚಿಸುವೆವು. ಯಂತ್ರವು ಹಗಲಿರುಳೂ ನಡೆಯಬೇಕಾದುದರಿಂದ 10 ವಾಟಿನ ಪಂಪು 30 ದಿನಗಳಲ್ಲಿ ಸುಮಾರು 7 ಯೂನಿಟ್, 40 ವಾಟಿನದು ಸುಮಾರು 29 ಯೂನಿಟ್ ವಿದ್ಯುತ್ತನ್ನು ವ್ಯಯಮಾಡುವುದು. ಬಟ್ಟಲು ಸುಲಭವಾಗಿ ಬಿಚ್ಚಿ ಬರುವುದೋ, ಸದ್ದು ಸಹಿಸುವಷ್ಟಿದೆಯೋ, ಪಂಪಿನ ಚಕ್ರವು ಬಿಡಿಯಾಗಿ ದೊರೆಯುವುದೋ ಎಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಬೇಕು.

ಹೊಸ ಯಂತ್ರವು ಕೆಲವು ದಿನಗಳವರೆಗೆ, ಕೆಲವೊಮ್ಮೆ ಒಂದೆರಡು ವಾರಗಳವರೆಗೆ ಸರಿಯಾಗಿ ನೊರೆಕೊಡದು, ಗಾಬರಿಪಡದೆ ಕಾಯಬೇಕು. ಕೊರಳಿಗೆ ಹತ್ತಿದ ಜಿಡ್ಡನ್ನು ವಾರಕ್ಕೊಮ್ಮೆಯಾದರೂ ಒರಸಬೇಕು. ಎಣ್ಣೆಯು ನೊರೆಗೆ ಶತ್ರು. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯನ್ನು ತೊಟ್ಟಿಯಲ್ಲಿ ಅದ್ದಿದರೆ ಗಂಟೆಗಟ್ಟಲೆ ನೊರೆಯೇಳದು. ಸಾಬೂನು ಸೇರಿದರೆ ಇದಕ್ಕೆ ವಿಪರೀತವಾಗಿ ಬಟ್ಟಲು ಉಕ್ಕಿ ಹರಿಯುವುದು. ವಿದ್ಯುತ್ತು ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿಪಂಪೊಂದನ್ನು ಸಿದ್ಧವಾಗಿಡಬೇಕು. ಯಂತ್ರ ನಿಂತ ರಾತ್ರಿ ಮೀನುಗಳಿಗೆ ಮೊದಲು ಕೊರತೆಯಾಗುವುದು ಆಮ್ಲಜನಕವೇ.

ಎಷ್ಟು ಉತ್ತಮವಾದ ಯಂತ್ರಕ್ಕೂ ಮಿತಿಯುಂಟು. ಅಮೇರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ನೀರಿನಲ್ಲಿದ್ದ ಸಾವಯವ ಇಂಗಾಲದ ಹೆಚ್ಚಿನ ಪಾಲು ನೊರೆಯಲ್ಲಿ ಬಾರದೆ ನೀರಿನಲ್ಲಿಯೇ ಉಳಿಯಿತು. ಯಂತ್ರಯಂತ್ರಗಳಿಗಿದ್ದ ಅಂತರವೂ ಬೆಲೆಗಳ ಅಂತರದಷ್ಟು ದೊಡ್ಡದಾಗಿರಲಿಲ್ಲ. ಆದುದರಿಂದ ಆಗಾಗ್ಗೆ ಸ್ವಲ್ಪ ನೀರನ್ನು ಬದಲಿಸುವುದೂ, ಮಿತವಾಗಿ ಆಹಾರ ಹಾಕುವುದೂ ಬಿಡತಕ್ಕ ಕೆಲಸಗಳಲ್ಲ. ಇನ್ನೊಂದು ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ದೇಶದ ಹವಳಗಳಿಗೆ ರಕ್ಷಣೆ ಕೊಟ್ಟಿದೆ. ಮುರುಡೇಶ್ವರದ ಎದುರಿನ ನೇತ್ರಾಣಿಯಂಥ ದ್ವೀಪಗಳ ಹವಳಗಳನ್ನು ಕಡಲಿನಲ್ಲಿಯೇ ನೋಡಿ ಸಂತೋಷಪಡಬೇಕಲ್ಲದೆ ತೊಟ್ಟಿಗೆ ತರಬಾರದು.

ಎರಡನೆಯ ಸಲ ನಾವು ತೊಟ್ಟಿಗೆ ತಕ್ಕ ಸಣ್ಣ ಯಂತ್ರವನ್ನು ಕೊಂಡೆವು. ನೀರು ನೆಲೆಗೊಳ್ಳುವವರೆಗೆ ಕಾದೆವು. ದಿನಕ್ಕೊಮ್ಮೆ ಚಿಟಿಕೆಯಷ್ಟು ಆಹಾರ ಹಾಕಿದೆವು. ಉಳಿದಿದ್ದ ಆ ಒಂದು ಮೀನು ಜೊತೆಗಾರನನ್ನು ಪಡೆದು ಇಂದಿಗೂ ಬದುಕಿದೆ. ಕೊಳ್ಳಲು ಹೋಗುವ ದಿನ ಅಳತೆಪಟ್ಟಿಯನ್ನೂ, ಇಟ್ಟುಕೊಳ್ಳಬೇಕೆಂದಿರುವ ಮೀನುಗಳ ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗಿರೆಂದು ನಮ್ಮ ಸಹೋದರಿಯರನ್ನು ಬೇಡುವೆವು.