ತುರ್ತು ಚಿಕಿತ್ಸೆ: ಆಸ್ಪತ್ರೆಯ ಫಲಕವನ್ನು ಆರೋಗ್ಯವಿದ್ದಾಗಲೇ ಓದಿಡಿ

ಕಳೆದ ಚಳಿಗಾಲದ ಒಂದು ರಾತ್ರಿ. ಇಶಾ ನಮಾಝ್ ಮುಗಿಸಿ ಬಂದು ದೊಡ್ಡಬಳ್ಳಾಪುರದ ನನ್ನ ದವಾಖಾನೆಯ ಬಾಗಿಲು ಹಾಕುವ ಹೊತ್ತು. ಮಗನ ಹೆಗಲು ಹಿಡಿದು ಒಬ್ಬರು ಬಂದರು. ವಯಸ್ಸು ಐವತ್ತರ ಆಸುಪಾಸು, ಕೆಲಸ ಮಗ್ಗದ್ದು. “ಹಕೀಮ್ ಸಾಬ್, ಗ್ಯಾಸ್ ಜಾಸ್ತಿ ಆಗಿದೆ. ಆವತ್ತು ಕೊಟ್ಟಿದ್ರಲ್ಲ, ಅದೇ ಜವಾರಿಶ್ ಕೊಡಿ” ಎಂದರು. ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದಿತ್ತು. ಎದೆಯ ಮೇಲೆ ಕಲ್ಲಿಟ್ಟಂಥ ಭಾರ, ಎಡಗೈಗೆ ಇಳಿಯುವ ನೋವು.

ನಾನು ಜವಾರಿಶ್ ಕೊಡಲಿಲ್ಲ. “ಇದು ಹೃದಯಾಘಾತ ಇರಬಹುದು, ಈಗಲೇ ಆಸ್ಪತ್ರೆಗೆ ಹೋಗಬೇಕು” ಎಂದು 108ಕ್ಕೆ ಕರೆ ಮಾಡಲು ಫೋನ್ ಎತ್ತಿಕೊಂಡೆ. ಅಷ್ಟರಲ್ಲಿ ಮಗ ಗಾಬರಿಯಿಂದ ತಂದೆಯನ್ನು ಆಟೋದಲ್ಲಿ ಕೂರಿಸಿ ಹೊರಟೇಬಿಟ್ಟ. ಹೋಗಿದ್ದು ‘24 ಗಂಟೆ ತುರ್ತು ಚಿಕಿತ್ಸೆ’ ಎಂಬ ದೀಪದ ಫಲಕವಿದ್ದ ಒಂದು ಖಾಸಗಿ ಆಸ್ಪತ್ರೆಗೆ. ಅಲ್ಲಿ ಇಸಿಜಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ತಿಳಿದದ್ದು, ಸರ್ಕಾರಿ ಯೋಜನೆಯಲ್ಲಿ ಅದರ ನೋಂದಣಿ ಇದ್ದದ್ದು ಮೂಳೆ ಚಿಕಿತ್ಸೆಗೆ, ಹೃದಯಕ್ಕಲ್ಲ. ಅಲ್ಲಿಂದ ಬೆಂಗಳೂರಿಗೆ ಓಟ. ಅಲ್‌ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಗಿದೆ. ಈಗ ಅವರು ಮಗ್ಗದ ಮುಂದೆ ನಿಲ್ಲಲಾರರು.

ಆ ಮಗ ಮಾಡಿದ ತಪ್ಪನ್ನು ನಮ್ಮಲ್ಲಿ ಯಾರು ಬೇಕಾದರೂ ಮಾಡಬಹುದು. ಏಕೆಂದರೆ ಎರಡು ಪ್ರಶ್ನೆಗಳನ್ನು ನಾವು ಮೊದಲೇ ಕೇಳಿಕೊಂಡಿರುವುದಿಲ್ಲ. ರಾತ್ರಿ ಅಲ್ಲಿ ಇರುವ ವೈದ್ಯರು ಯಾರು? ಆ ಆಸ್ಪತ್ರೆ ಯಾವ ಕಾಯಿಲೆಗೆ ಯೋಜನೆಯಲ್ಲಿದೆ?

ಬಿಳಿ ಕೋಟಿನ ಹಿಂದಿನ ಪದವಿ

ಒಂದು ಸತ್ಯವನ್ನು ಹೇಳಿಬಿಡುತ್ತೇನೆ. ಬಿಯುಎಂಎಸ್ ಮುಗಿಸಿದ ಹೊಸತರಲ್ಲಿ ನಾನೂ ಒಂದು ನರ್ಸಿಂಗ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಬಂದವರೆಲ್ಲ ನನ್ನನ್ನು ‘ಡಾಕ್ಟರ್’ ಎಂದೇ ಕರೆದರು, ಯಾವ ಡಾಕ್ಟರ್ ಎಂದು ಒಬ್ಬರೂ ಕೇಳಲಿಲ್ಲ. ಯುನಾನಿ ನನ್ನ ವಿದ್ಯೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಹೃದಯಾಘಾತ, ಪಾರ್ಶ್ವವಾಯು, ಅಪಘಾತದ ರಕ್ತಸ್ರಾವ ಇವುಗಳ ಮೊದಲ ಗಂಟೆ ನನ್ನ ಕ್ಷೇತ್ರವಲ್ಲ.

ತುರ್ತು ಚಿಕಿತ್ಸೆಗೆಂದೇ ಪ್ರತ್ಯೇಕ ಸ್ನಾತಕೋತ್ತರ ಪದವಿ ಇದೆ. ಎಂಬಿಬಿಎಸ್ ನಂತರ ಮೂರು ವರ್ಷ ಓದುವ ಎಂಡಿ ಎಮರ್ಜೆನ್ಸಿ ಮೆಡಿಸಿನ್. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಾಗಿ ಮಾನ್ಯತೆ ಸಿಕ್ಕಿದ್ದು 2009ರಲ್ಲಿ. ಡಿಎನ್‌ಬಿ ಪದವಿಯೂ ಇದೆ. ಇದು ಹೊಸ ವಿಭಾಗ, ಆದ್ದರಿಂದ ಎಲ್ಲ ತಾಲ್ಲೂಕುಗಳಲ್ಲೂ ಇಂಥ ತಜ್ಞರು ಸಿಗುವುದಿಲ್ಲ. ಅನುಭವವಿರುವ ಎಂಬಿಬಿಎಸ್ ವೈದ್ಯರು ಬೇಗ ಇಸಿಜಿ ತೆಗೆದು, ಸರಿಯಾದ ಕಡೆಗೆ ಕಳುಹಿಸಿದರೆ ಅದೂ ಜೀವ ಉಳಿಸುತ್ತದೆ. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ವೈದ್ಯಶಾಸ್ತ್ರದ ನಿಯಮ.

ವೈದ್ಯರ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಲೇಬೇಕು. ಅಲೋಪಥಿ ವೈದ್ಯರದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ನನ್ನಂಥವರದ್ದು ಆಯುರ್ವೇದ ಮತ್ತು ಯುನಾನಿ ಮಂಡಳಿಯಲ್ಲಿ ಇರುತ್ತದೆ. ಖಾಸಗಿ ಆಸ್ಪತ್ರೆ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿಯಾಗಿರಬೇಕು. ಇವನ್ನು ಕೇಳುವುದು ಅವಮಾನವಲ್ಲ, ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದೂ ಇಲ್ಲ.

ಕಾರ್ಡ್ ಎಲ್ಲ ಬಾಗಿಲನ್ನೂ ತೆರೆಯದು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಭಾಗವನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ.

ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯವಿಲ್ಲದಿದ್ದರೆ ಅವರು ಬರೆದುಕೊಟ್ಟ ರೆಫರಲ್ ಪತ್ರದೊಂದಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಆದರೆ ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ರೆಫರಲ್ ಬೇಡ, ನೇರವಾಗಿ ದಾಖಲಾಗಬಹುದು. ಇದು ಅನೇಕರಿಗೆ ತಿಳಿದಿಲ್ಲ.

ಇನ್ನೊಂದು ಮುಖ್ಯ ಸಂಗತಿ. ಯೋಜನೆಯಲ್ಲಿ ನೋಂದಣಿಯಾಗುವುದು ವೈದ್ಯರಲ್ಲ, ಆಸ್ಪತ್ರೆ. ಅದೂ ವಿಭಾಗವಾರು. ಹೊರರೋಗಿಯಾಗಿ ನಾವು ನಂಬಿ ತೋರಿಸಿಕೊಳ್ಳುವ ವೈದ್ಯರ ಆಸ್ಪತ್ರೆಯೇ ಯೋಜನೆಯ ಹೊರಗಿರಬಹುದು. ಕಣ್ಣಿಗೆ ನೋಂದಣಿಯಾದ ಆಸ್ಪತ್ರೆಯಲ್ಲಿ ಹೃದಯಕ್ಕೆ ಕಾರ್ಡ್ ನಡೆಯದಿರಬಹುದು.

ಹಣವಿಲ್ಲವೆಂದು ಹಿಂಜರಿಯಬೇಡಿ. ಪ್ರಾಣಾಪಾಯದಲ್ಲಿ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯ ಹೆದ್ದಾರಿಗಳಲ್ಲಿ ಅಪಘಾತ ಕಂಡಾಗಲೂ ಪೊಲೀಸರ ಭಯ ಬೇಡ. ಗಾಯಾಳುವಿಗೆ ನೆರವಾಗುವವರನ್ನು ರಕ್ಷಿಸುವ ರಾಜ್ಯದ ಕಾಯ್ದೆಯೇ ಇದೆ.

ಇದೇ ವಾರ ಮಾಡಿ

• ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ. ರಾತ್ರಿ ಯಾರಿರುತ್ತಾರೆ, ಇಸಿಜಿ ಆಗುತ್ತದೆಯೇ ಕೇಳಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಅಲ್ಲಿದೆಯೇ ಎಂದೂ ವಿಚಾರಿಸಿ. 2023ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ.

• ಹತ್ತಿರದ ಯಾವ ಆಸ್ಪತ್ರೆ ಹೃದಯ, ಮಿದುಳು, ಅಪಘಾತಕ್ಕೆ ಯೋಜನೆಯಲ್ಲಿದೆ ಎಂದು ಅಲ್ಲಿನ ಆರೋಗ್ಯಮಿತ್ರರಲ್ಲಿ ಕೇಳಿ ಬರೆದಿಡಿ. 104 ಅಥವಾ 14555ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

• ಪಡಿತರ ಚೀಟಿ ಮತ್ತು ಮನೆಯವರೆಲ್ಲರ ಆಧಾರ್ ಒಂದೇ ಚೀಲದಲ್ಲಿರಲಿ. ಚೀಲ ಎಲ್ಲಿದೆ ಎಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತಿರಲಿ.

• ಎದೆಭಾರ, ಬಾಯಿ ಸೊಟ್ಟಗಾಗುವುದು, ಒಂದು ಕಡೆ ಕೈಕಾಲು ಸೋಲುವುದು, ಉಸಿರು ಕಟ್ಟುವುದು ಕಂಡರೆ ಮೊದಲು 108. ನನ್ನ ದವಾಖಾನೆಗೆ ಬರಬೇಡಿ.

ಆ ಮಗ ಮೊನ್ನೆ ತಂದೆಯ ಔಷಧಿ ಚೀಟಿ ತೋರಿಸಲು ಬಂದಿದ್ದ. ತನ್ನ ಮೊಹಲ್ಲಾದ ಮಸೀದಿಯ ಸೂಚನಾ ಫಲಕದಲ್ಲಿ ಯೋಜನೆಯ ಆಸ್ಪತ್ರೆಗಳ ಹೆಸರು, ವಿಭಾಗಗಳನ್ನು ಬರೆಸಿದ್ದಾನಂತೆ. “ನಮ್ಮ ಅಬ್ಬಾಗೆ ಆದದ್ದು ಬೇರೆಯವರಿಗೆ ಆಗಬಾರದು ಸಾಬ್” ಎಂದ. ಪ್ರತಿಯೊಂದು ಊರಿನ ಮಸೀದಿ ಕಮಿಟಿಯವರೂ ಒಂದು ಸಂಜೆ ಕುಳಿತರೆ ಮುಗಿಯುವ ಕೆಲಸವಿದು.