ವಿಮಾನಸುಖ ಮತ್ತು ಶ್ರಾವಕನ ಎಲ್ಲೆ

ಜೈನ ಪುರಾಣಗಳಲ್ಲಿ ವಿಮಾನವೆಂದರೆ ಪ್ರಯಾಣದ ಸಾಧನಕ್ಕಿಂತ ಮಿಗಿಲಾಗಿ ವಾಸಸ್ಥಾನ. ಊರ್ಧ್ವಲೋಕದ ಕಲ್ಪಗಳಲ್ಲಿ ನೆಲೆಸಿದ ದೇವತೆಗಳನ್ನು ವೈಮಾನಿಕರೆಂದು ಕರೆಯುವುದು ಈ ಕಾರಣದಿಂದಲೇ. ಸೌಧರ್ಮ ಕಲ್ಪವೊಂದರಲ್ಲಿಯೇ 32 ಲಕ್ಷ ವಿಮಾನಗಳಿವೆಯೆಂಬುದು ಶಾಸ್ತ್ರಗಳ ಎಣಿಕೆ. ಅಲ್ಲಿ ಮುಪ್ಪಿಲ್ಲ, ರೋಗವಿಲ್ಲ, ದುಡಿಮೆಯ ದಣಿವಿಲ್ಲ. ಬಯಸಿದ ಭೋಗವು ಬಯಸಿದ ಕ್ಷಣಕ್ಕೆ ಒದಗುತ್ತದೆ. ಅಂಥ ಸುಖಕ್ಕೆ ಮನುಷ್ಯಲೋಕದಲ್ಲಿ ಒಂದು ಹೋಲಿಕೆಯನ್ನು ಹುಡುಕುವುದಾದರೆ, ದೂರದೇಶಗಳಿಗೆ ಹಾರುವ ವಿಮಾನಗಳ ಪ್ರಥಮ ದರ್ಜೆಯ ಕೋಣೆಯನ್ನು ತೋರಿಸಬಹುದು.

2007ರಲ್ಲಿ ಸಿಂಗಪುರ ಏರ್‌ಲೈನ್ಸ್ ಎರಡು ಅಂತಸ್ತಿನ ಏರ್‌ಬಸ್ ಎ380 ವಿಮಾನವನ್ನು ಜಗತ್ತಿನಲ್ಲಿ ಮೊದಲಿಗೆ ಸೇವೆಗೆ ಇಳಿಸಿದಾಗ, ಬಾಗಿಲು ಮುಚ್ಚಿಕೊಳ್ಳಬಹುದಾದ ಪುಟ್ಟ ಕೋಣೆಗಳನ್ನೂ ಜೋಡಿ ಹಾಸಿಗೆಯನ್ನೂ ಅದರಲ್ಲಿ ಇರಿಸಿತು. ಎಮಿರೇಟ್ಸ್ ಸಂಸ್ಥೆಯ ಎ380 ವಿಮಾನಗಳ ಪ್ರಥಮ ದರ್ಜೆಯವರಿಗೆ ಆಕಾಶದಲ್ಲಿಯೇ ಸ್ನಾನಗೃಹವಿದೆ. 2022ರ ಅಕ್ಟೋಬರ್‌ನಿಂದ ಈ ಬೃಹತ್ ವಿಮಾನವು ದುಬೈಯಿಂದ ಬೆಂಗಳೂರಿಗೂ ಬಂದಿಳಿಯತೊಡಗಿತು. ಹೀಗೆ ದೇವಲೋಕದ್ದೆಂದು ಕೇಳಿದ್ದ ಸುಖವು ನಮ್ಮ ಊರಿನ ಅಂಗಳಕ್ಕೇ ಬಂದಂತಾಯಿತು. ಬೇಸಿಗೆಯ ರಜೆ ಸಮೀಪಿಸಿದೊಡನೆ ಸ್ವಿಟ್ಜರ್ಲೆಂಡ್, ಮಾಲ್ಡೀವ್ಸ್, ಲಂಡನ್ ಎಂದು ಯೋಜನೆ ಹಾಕುವ ಕುಟುಂಬಗಳಲ್ಲಿ ಜೈನ ಕುಟುಂಬಗಳೂ ಇವೆ. ನ್ಯಾಯವಾಗಿ ದುಡಿದು, ತೆರಿಗೆ ಸಲ್ಲಿಸಿ, ದಾನಧರ್ಮವನ್ನೂ ಮಾಡಿ ಉಳಿಸಿದ ಹಣದಲ್ಲಿ ಒಮ್ಮೆ ಸುಖವಾಗಿ ಹಾರಿ ಬಂದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆಯು ಪ್ರಾಮಾಣಿಕವಾದುದು, ಗದರಿಸಿ ಸುಮ್ಮನಾಗಿಸುವಂಥದ್ದಲ್ಲ.

ಬರಿಗಾಲಿನಲ್ಲಿ ವಿಹಾರಗೈಯುವ ಮುನಿಗಳನ್ನು ತೋರಿಸಿ ಶ್ರಾವಕನಿಗೆ ಉತ್ತರ ಹೇಳುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ಮುನಿಗೆ ಮಹಾವ್ರತಗಳು, ಗೃಹಸ್ಥನಿಗೆ ಅಣುವ್ರತಗಳು. ವಾಹನವನ್ನು ಏರಲೇಬಾರದೆಂಬ ನಿಷೇಧ ಗೃಹಸ್ಥನಿಗಿಲ್ಲ. ಹಡಗು ಹತ್ತಿ ದ್ವೀಪಾಂತರಗಳಿಗೆ ಹೋದ ಜೈನ ವರ್ತಕರ ಕಥೆಗಳು ನಮ್ಮ ಸಾಹಿತ್ಯದಲ್ಲಿ ಹೇರಳವಾಗಿವೆ. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನ ಬಂದಾಗ ಆಚಾರ್ಯ ಆತ್ಮಾರಾಮಜಿಯವರು ಮುನಿಧರ್ಮದ ಕಾರಣದಿಂದ ತಾವು ಹೋಗದೆ, ಶ್ರಾವಕರಾದ ವೀರಚಂದ್ ರಾಘವ್‌ಜಿ ಗಾಂಧಿಯವರನ್ನು ಕಳುಹಿಸಿದರು. ಗೃಹಸ್ಥನು ದೂರ ಹೋಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆದರೆ ಹೋಗಬಹುದಾದ ಗೃಹಸ್ಥನಿಗೆ ಶಾಸ್ತ್ರವು ಇನ್ನೊಂದನ್ನು ಕೇಳುತ್ತದೆ: ಎಲ್ಲಿಯವರೆಗೆ?

ಇದೇ ದಿಗ್ವ್ರತ. ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೆ ತಾನೇ ಎಲ್ಲೆ ಕಟ್ಟಿಕೊಳ್ಳುವುದು. ನಾಲ್ಕು ದಿಕ್ಕು, ನಾಲ್ಕು ಮೂಲೆಗಳಲ್ಲದೆ ಮೇಲಿನ ದಿಕ್ಕೂ ಕೆಳಗಿನ ದಿಕ್ಕೂ ಇದರಲ್ಲಿ ಸೇರಿವೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈ ವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದೇ ಊರ್ಧ್ವದಿಕ್ಕಿನ ಎಲ್ಲೆ ಮೀರುವುದನ್ನು. ಆ ಕಾಲದಲ್ಲಿ ಮೇಲಕ್ಕೆ ಹೋಗುವುದೆಂದರೆ ಬೆಟ್ಟವನ್ನೋ ಮರವನ್ನೋ ಏರುವುದು. ಇಂದು ಅದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಆಕಾಶಮಾರ್ಗ. ಕೆಳಗಿನ ಎಲ್ಲೆ ಮೀರುವುದು, ಅಡ್ಡದಿಕ್ಕಿನ ಎಲ್ಲೆ ಮೀರುವುದು, ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು, ಹಾಕಿಕೊಂಡ ಎಲ್ಲೆಯನ್ನೇ ಮರೆಯುವುದು ಉಳಿದ ನಾಲ್ಕು. ನಾಲ್ಕನೆಯದನ್ನು ಗಮನಿಸಬೇಕು. ಕಳೆದ ವರ್ಷ ಸಿಂಗಪುರ ಸಾಕೆನಿಸಿದ್ದವನಿಗೆ ಈ ವರ್ಷ ಸಿಡ್ನಿ ಬೇಕೆನಿಸುವುದು ಕ್ಷೇತ್ರವೃದ್ಧಿಯೇ ಅಲ್ಲವೇ?

ದಿಗ್ವ್ರತವನ್ನು ಅನೇಕರು ಒಂದು ಕಟ್ಟುಪಾಡೆಂದೇ ತಿಳಿದಿದ್ದಾರೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಮಾತು ಬೇರೆಯೇ ಇದೆ. ಸಮುದ್ರ, ನದಿ, ಅಡವಿ, ಪರ್ವತ, ದೇಶ ಮುಂತಾದ ಪ್ರಸಿದ್ಧ ಗುರುತುಗಳಿಂದ ಎಲ್ಲೆ ಹಾಕಿಕೊಂಡ ಶ್ರಾವಕನು ಆ ಎಲ್ಲೆಯ ಆಚೆಗೆ ಸೂಕ್ಷ್ಮ ಪಾಪವನ್ನೂ ಮಾಡುವುದಿಲ್ಲ. ಆದುದರಿಂದ ಎಲ್ಲೆಯ ಆಚೆಗಿನ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳ ಸ್ವರೂಪವನ್ನು ಪಡೆಯುತ್ತವೆ. ಇದರ ಅರ್ಥವನ್ನು ಕೊಂಚ ನಿಂತು ನೋಡಬೇಕು. ನಾನು ಹೋಗುವುದಿಲ್ಲವೆಂದು ಸಂಕಲ್ಪಿಸಿದ ನಾಡಿನ ಒಂದು ಹುಲ್ಲೆಸಳಿಗೂ ಒಂದು ಇರುವೆಗೂ ನನ್ನಿಂದ ಭಯವಿಲ್ಲ. ಆ ನಾಡಿನ ಪಾಲಿಗೆ ಸಂಸಾರಿಯಾದ ನಾನು ಮುನಿಯಂತೆ. ಮನೆ, ಅಂಗಡಿ, ಮಕ್ಕಳು, ಸಾಲಸೋಲ ಎಲ್ಲವನ್ನೂ ಹೊತ್ತುಕೊಂಡೇ ಭೂಮಂಡಲದ ಬಹುಭಾಗಕ್ಕೆ ಅಭಯದಾನ ಮಾಡುವ ಅವಕಾಶವಿದು. ಪ್ರವಾಸದ ಜಾಹೀರಾತುಗಳು ಜಗತ್ತೆಲ್ಲ ನಿಮ್ಮದೆನ್ನುತ್ತವೆ. ದಿಗ್ವ್ರತದ ಶ್ರಾವಕನು ಅದೇ ಜಗತ್ತಿನ ಹೆಚ್ಚಿನ ಭಾಗವನ್ನು ಅದರ ಪಾಡಿಗೆ ಬಿಟ್ಟುಕೊಡುತ್ತಾನೆ.

ಎಲ್ಲೆಯ ಒಳಗಿನ ಪ್ರಯಾಣಕ್ಕೆ ಇನ್ನೊಂದು ಅಳತೆಗೋಲಿದೆ. ಅದು ಭೋಗೋಪಭೋಗ ಪರಿಮಾಣ. ಒಮ್ಮೆ ಬಳಸಿ ಬಿಡುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ಇಂಥ ದಿನ, ಇಂಥ ತಿಂಗಳು, ಇಂಥ ಋತುವಿನವರೆಗೆ ಇಷ್ಟೇ ಎಂದು ನಿಯಮ ಮಾಡಿಕೊಳ್ಳಬಹುದಾದ ವಸ್ತುಗಳನ್ನು ಸಮಂತಭದ್ರರು ಪಟ್ಟಿ ಮಾಡಿದ್ದಾರೆ. ಆಹಾರ, ವಾಹನ, ಹಾಸಿಗೆ, ಸ್ನಾನ, ಅಂಗಲೇಪನ, ಹೂವು, ತಾಂಬೂಲ, ವಸ್ತ್ರ, ಆಭರಣ, ಕಾಮಭೋಗ, ಸಂಗೀತ, ಗೀತ. ಪ್ರಥಮ ದರ್ಜೆಯ ಕೋಣೆಯನ್ನು ಕಂಡವರು ಈ ಪಟ್ಟಿಯನ್ನು ಓದಿದರೆ ಬೆರಗಾಗುವುದು ಸಹಜ. ವಾಹನದೊಳಗೇ ಹಾಸಿಗೆ, ಸ್ನಾನ, ಸುಗಂಧಲೇಪನ, ಹೂವಿನ ಅಲಂಕಾರ, ತೊಡಲು ಹೊಸ ರಾತ್ರಿಯುಡುಗೆ, ಕಿವಿಗೆ ಸಂಗೀತ! ಅಲ್ಲಿ ಮಾರಾಟವಾಗುವುದು ಹೆಚ್ಚುಕಡಿಮೆ ಇದೇ ಪಟ್ಟಿ.

ಆಹಾರದ ವಿಷಯದಲ್ಲಿ ನಮ್ಮವರು ಎಚ್ಚರವಾಗಿಯೇ ಇದ್ದಾರೆ. ಮುಂಚಿತವಾಗಿ ತಿಳಿಸಿದರೆ ಅನೇಕ ವಿಮಾನಯಾನ ಸಂಸ್ಥೆಗಳು ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆಗೆಣಸುಗಳಿಲ್ಲದ ಜೈನ ಊಟವನ್ನು ಒದಗಿಸುತ್ತವೆ. ಅದಕ್ಕೆ ವಿಜೆಎಂಎಲ್ ಎಂಬ ಪ್ರತ್ಯೇಕ ಸಂಕೇತವೇ ಇದೆ. ಆದರೆ ಆಲೂಗಡ್ಡೆಯಿಲ್ಲದ ಊಟವನ್ನು ಕೇಳಿ ಪಡೆದವನು ಕುಳಿತಿರುವ ಆಸನ ಚರ್ಮದ್ದೋ, ತಲೆಯಡಿಯ ದಿಂಬಿನೊಳಗಿರುವುದು ಹಕ್ಕಿಯ ಪುಕ್ಕವೋ ಎಂದು ಕೇಳುವುದು ಅಪರೂಪ. ಪಕ್ಕದ ಆಸನದವರಿಗೆ ಬಡಿಸುವ ಕ್ಯಾವಿಯರ್ ಎಂಬ ಪ್ರತಿಷ್ಠೆಯ ತಿನಿಸು ಸ್ಟರ್ಜನ್ ಮೀನಿನ ಮೊಟ್ಟೆ. ಅದನ್ನು ಮುಟ್ಟದವನೂ ಅದರ ವೈಭವಕ್ಕೆ ಸೇರಿಯೇ ಹಣ ಕೊಟ್ಟಿರುತ್ತಾನೆ. ನಾಲಗೆಗಷ್ಟೇ ವ್ರತವನ್ನು ಸೀಮಿತಗೊಳಿಸಿದರೆ ಉಳಿದ ನಾಲ್ಕು ಇಂದ್ರಿಯಗಳು ರಜೆಯ ಮೇಲಿದ್ದಂತೆಯೇ.

ಇನ್ನೊಂದು ಸ್ವಾರಸ್ಯವಿದೆ. ಎ380ರ ಸ್ನಾನಗೃಹದಲ್ಲಿ ಒಬ್ಬರಿಗೆ ಐದು ನಿಮಿಷ ಮಾತ್ರ ನೀರು. ನೀರಿನ ತೂಕವನ್ನು ಹೊತ್ತು ಹಾರಬೇಕಾದುದರಿಂದ ಅಲ್ಲಿ ಸ್ನಾನಕ್ಕೆ ಪರಿಮಾಣ ತಾನಾಗಿಯೇ ಬಂದಿತು. ಕಾವೇರಿಯ ನೀರನ್ನು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರಿಸಿಕೊಳ್ಳುವ ನಗರದ ಮನೆಯಲ್ಲಿ ಆ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಪ್ರಯಾಣ ಮುಗಿದ ಮೇಲಿನ ಸಂಗತಿ ಇನ್ನೂ ಮುಖ್ಯವಾದುದು. ಭೋಗೋಪಭೋಗ ಪರಿಮಾಣದ ಅತಿಚಾರಗಳನ್ನು ಸಮಂತಭದ್ರರು ಗುರುತಿಸಿರುವ ಬಗೆಯಲ್ಲಿ ಮನಸ್ಸಿನ ಆಳವಾದ ಅರಿವಿದೆ. ವಿಷಯಗಳೆಂಬ ವಿಷವನ್ನು ಉಪೇಕ್ಷಿಸದಿರುವುದು. ಅನುಭವಿಸಿ ಮುಗಿದ ಸುಖವನ್ನು ಮೆಲುಕು ಹಾಕುತ್ತಲೇ ಇರುವುದು. ಅದರಲ್ಲಿ ಅತಿಯಾದ ಲೋಲುಪತೆ. ಮುಂದೆ ದೊರೆಯಬೇಕಾದ ಸುಖಕ್ಕಾಗಿ ಅತಿಯಾದ ದಾಹ. ಭೋಗದ ಹೊತ್ತಿನಲ್ಲಿ ಅದರಲ್ಲಿಯೇ ಮುಳುಗಿಹೋಗುವುದು. ಐದರಲ್ಲಿ ಎರಡು, ಕೈಯಲ್ಲಿ ವಸ್ತುವೇ ಇಲ್ಲದಾಗ ನಡೆಯುವಂಥವು. ಒಂದು ಕಳೆದುದರ ಸ್ಮೃತಿ, ಮತ್ತೊಂದು ಬಾರದುದರ ತೃಷೆ. ಹತ್ತು ಗಂಟೆಯ ಪ್ರಯಾಣದ ಸುಖ ಹತ್ತು ಗಂಟೆಗೇ ಮುಗಿಯಿತು. ಅದರ ಚಿತ್ರಗಳನ್ನು ನೋಡುವುದು, ತೋರಿಸುವುದು, ಮದುವೆಮನೆಯಲ್ಲಿ ಬಣ್ಣಿಸುವುದು, ಮುಂದಿನ ಬಾರಿ ಹಿಂದಿನ ಸಾಲಿನ ಆಸನ ಸಿಕ್ಕರೆ ಕೊರಗುವುದು ವರ್ಷಗಟ್ಟಲೆ ನಡೆಯುತ್ತದೆ. ಕರ್ಮದ ಆಸ್ರವವು ವಿಮಾನ ಇಳಿದೊಡನೆ ನಿಲ್ಲುವುದಿಲ್ಲ.

ಹಾಗೆಂದು ಸಾಮಾನ್ಯ ದರ್ಜೆಯಲ್ಲಿ ಮೊಣಕಾಲು ಮಡಿಸಿ ಕುಳಿತವನು ತಾನು ಪಾರಾದೆನೆಂದು ಸಮಾಧಾನಪಡಬೇಕಾಗಿಲ್ಲ. ಪರಿಗ್ರಹ ಪರಿಮಾಣದ ಅತಿಚಾರಗಳಲ್ಲಿ ಅತಿವಿಸ್ಮಯವೆಂಬುದೂ ಒಂದು. ಇತರರ ಸಂಪತ್ತನ್ನು ಕಂಡು ಅತಿಯಾಗಿ ಬೆರಗಾಗುವುದು. ಮುಂದಿನ ಕೋಣೆಗಳನ್ನು ಹಾದು ಹಿಂದಿನ ಸಾಲಿಗೆ ನಡೆಯುವಾಗ ಓರೆಗಣ್ಣಿನಿಂದ ನೋಡುವ ನೋಟ, ಮನೆಯಲ್ಲಿ ಕುಳಿತು ಪರರ ಐಷಾರಾಮಿ ಪ್ರವಾಸಗಳ ವಿಡಿಯೋ ನೋಡಿ ನಿಟ್ಟುಸಿರು ಬಿಡುವುದು ಇದೇ ಲೆಕ್ಕಕ್ಕೆ ಸೇರುತ್ತವೆ. ಟಿಕೇಟು ಕೊಳ್ಳದೆಯೂ ಬಂಧಕ್ಕೆ ಒಳಗಾಗಬಹುದು.

ಆದಿಕವಿ ಪಂಪನು 941ರಲ್ಲಿ ರಚಿಸಿದ ಆದಿಪುರಾಣದ ಲಲಿತಾಂಗದೇವನು ಇಲ್ಲಿ ನೆನಪಾಗದಿರುವುದಿಲ್ಲ. ಈಶಾನ ಕಲ್ಪದ ಶ್ರೀಪ್ರಭವೆಂಬ ವಿಮಾನ ಅವನದು. ಸ್ವಯಂಪ್ರಭೆಯೊಡನೆ ದೀರ್ಘಕಾಲ ಭೋಗದಲ್ಲಿ ತೇಲಿದ ಆತನಿಗೆ ಆಯುಷ್ಯದ ಕೊನೆಯ ಆರು ತಿಂಗಳು ಉಳಿದಿರುವಾಗ ಕೊರಳಿನ ಮಾಲೆ ಬಾಡುತ್ತದೆ. ಎಂದೂ ಬಾಡದ ಮಾಲೆಯದು. ಅಷ್ಟು ಕಾಲದ ಸುಖವೆಲ್ಲ ಆ ಆರು ತಿಂಗಳ ದುಃಖದ ಮುಂದೆ ಮಂಕಾಗಿ ಅವನು ಹಲುಬುತ್ತಾನೆ. ಬಳಿಯ ದೇವತೆಗಳು ಸಂತೈಸಿದ ಮೇಲೆ ಜಿನಬಿಂಬಗಳನ್ನು ಅರ್ಚಿಸಿ, ಪಂಚನಮಸ್ಕಾರವನ್ನು ನೆನೆಯುತ್ತ ಆ ಲೋಕವನ್ನು ಬಿಡುತ್ತಾನೆ. ಮುಂದಿನ ಭವಾವಳಿಯಲ್ಲಿ ಇದೇ ಜೀವ ವೃಷಭನಾಥ ತೀರ್ಥಂಕರನಾದುದು. ವಿಮಾನದಲ್ಲಿದ್ದಷ್ಟು ಕಾಲ ಲಲಿತಾಂಗನಿಗೆ ಪೂಜಿಸುವ ಅವಕಾಶವಿತ್ತು, ನಂಬುವ ಅವಕಾಶವಿತ್ತು. ವ್ರತ ಹಿಡಿಯುವ ಅವಕಾಶ ಮಾತ್ರ ಇರಲಿಲ್ಲ. ದೇವಗತಿಯಲ್ಲಿ ನಾಲ್ಕನೆಯ ಗುಣಸ್ಥಾನವನ್ನು ದಾಟಲಾಗದು. ಒಂದು ಅಣುವ್ರತವನ್ನಾದರೂ ಸ್ವೀಕರಿಸಲು ಅವನು ಭೂಮಿಗೆ ಇಳಿಯಬೇಕಾಯಿತು. ನಮ್ಮ ವಿಮಾನಗಳಲ್ಲಿ ಕುಳಿತವನಿಗೆ ಆ ತೊಡಕಿಲ್ಲ. ಆಕಾಶದಲ್ಲಿದ್ದರೂ ಅವನು ಮನುಷ್ಯನೇ.

ಚಕ್ರವರ್ತಿ ಭರತನು ಭೋಗದಲ್ಲಿದ್ದುಕೊಂಡೇ ಯೋಗಿಯಾಗಿರಲಿಲ್ಲವೇ ಎಂದು ರತ್ನಾಕರವರ್ಣಿಯ ಭರತೇಶ ವೈಭವವನ್ನು ಮುಂದಿಡುವವರಿದ್ದಾರೆ. ಸುಖಪ್ರಿಯರಿಗೆ ಈ ಕಾವ್ಯ ಕಂಠಪಾಠವಿರುವುದನ್ನು ಕಂಡಿದ್ದೇನೆ. ಅದೇ ಭರತನು ಷಟ್ಖಂಡವನ್ನು ಗೆದ್ದು ವೃಷಭಾಚಲದಲ್ಲಿ ತನ್ನ ಹೆಸರನ್ನು ಕೆತ್ತಿಸಲು ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆ ತುಂಬಿಹೋಗಿ ಬೆರಳಗಲ ಜಾಗವೂ ಇಲ್ಲದೆ ಗರ್ವ ಇಳಿದುದನ್ನೂ ಆದಿಪುರಾಣ ಹೇಳುತ್ತದೆ. ಅದನ್ನೂ ಅವರು ಓದಬೇಕು.

ಹಿಂಸೆಯ ಲೆಕ್ಕವನ್ನು ಬಿಡುವಂತಿಲ್ಲ. ಒಂದು ಪ್ರಥಮ ದರ್ಜೆಯ ಕೋಣೆ ಆಕ್ರಮಿಸುವ ಸ್ಥಳದಲ್ಲಿ ಹಲವು ಸಾಮಾನ್ಯ ಆಸನಗಳನ್ನು ಇರಿಸಬಹುದು. ಹೀಗಾಗಿ ಉರಿದ ಇಂಧನದಲ್ಲಿ ಆ ಒಬ್ಬ ಪ್ರಯಾಣಿಕನ ಪಾಲು, ವಿಶ್ವಬ್ಯಾಂಕ್‌ನ 2013ರ ಅಧ್ಯಯನವೊಂದರ ಅಂದಾಜಿನಂತೆ, ಸಾಮಾನ್ಯ ದರ್ಜೆಯವನ ಒಂಬತ್ತು ಪಟ್ಟಿನವರೆಗೂ ಹೋಗಬಹುದು. ಅಗ್ನಿಕಾಯಿಕ, ವಾಯುಕಾಯಿಕ ಜೀವಗಳನ್ನು ಒಪ್ಪುವ ಧರ್ಮದವರಿಗೆ ಇದು ಪರಿಸರದ ಅಂಕಿಯಷ್ಟೇ ಅಲ್ಲ. ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕದಡುವುದನ್ನೂ, ಉದ್ದೇಶವಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ನಿಷ್ಪ್ರಯೋಜನವೆಂಬ ಮಾತೇ ಇಲ್ಲಿ ಕೀಲಕ.

ಪ್ರಯೋಜನವಿರುವ ಸಂದರ್ಭಗಳೂ ಇಲ್ಲದಿಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ, ಮಂಡಿ ಸವೆದ ತಾಯಿಗೆ ಕಾಲು ಚಾಚಿ ಮಲಗುವ ಆಸನವನ್ನು ಮಗನು ಕೊಡಿಸಿದರೆ ಅದು ಭೋಗಕ್ಕಿಂತ ವೈಯಾವೃತ್ಯಕ್ಕೆ ಹತ್ತಿರವೆಂದು ನನ್ನ ಅಭಿಪ್ರಾಯ. ಅದೇ ಆಸನವನ್ನು ಆರೋಗ್ಯವಂತನಾದ ಮಗನು ಅಕ್ಕಪಕ್ಕದವರು ನೋಡಲೆಂದು ಕೊಂಡರೆ ಲೆಕ್ಕ ಬೇರೆಯಾಗುತ್ತದೆ. ಆಸನ ಒಂದೇ, ಭಾವ ಎರಡು. ನಡುವೆ ನಿಂತ ನೂರು ಸಂದರ್ಭಗಳನ್ನು ಆಯಾ ಮನೆಯವರೇ ತೂಗಿ ನೋಡಬೇಕು.

ಹೊರಡುವ ಮನಸ್ಸಾದವರು ಟಿಕೇಟು ಕಾದಿರಿಸುವ ಮೊದಲೇ ನಿಯಮ ಮಾಡಿಕೊಳ್ಳುವುದು ಲೇಸು. ಕಾದಿರಿಸಿದ ಮೇಲೆ ಮಾಡಿದ ನಿಯಮವು ಟಿಕೇಟಿಗೆ ತಕ್ಕಂತೆ ಬಾಗುತ್ತದೆ. ಈ ವರ್ಷ ಸಮುದ್ರದಾಚೆಗೆ ಇಷ್ಟು ಬಾರಿ, ಇಂಥ ದೇಶದವರೆಗೆ; ಚಾತುರ್ಮಾಸ್ಯದಲ್ಲಿ ಊರಿನ ಗಡಿ ದಾಟುವುದಿಲ್ಲ; ಊಟಕ್ಕೆ ಇಷ್ಟೇ ಪದಾರ್ಥ; ಹಿಂದಿರುಗಿದ ಮೇಲೆ ಪ್ರವಾಸದ ವರ್ಣನೆಗೆ ಒಂದು ವಾರದ ಮೌನ. ಮೇಲಿನ ದರ್ಜೆಗೂ ಕೆಳಗಿನ ದರ್ಜೆಗೂ ಇರುವ ದರದ ಅಂತರವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಒಂದಕ್ಕೆ ತೆಗೆದಿರಿಸುವವರೂ ಇದ್ದಾರೆ. ಒಂದು ಬಡ ಕುಟುಂಬದ ವರ್ಷದ ಔಷಧಿಗೆ ಅದು ಸಾಲಬಹುದು. ರಾತ್ರಿಭೋಜನ ತ್ಯಾಗಿಗಳು ಹೊರಡುವ ಮುನ್ನವೇ ಊಟದ ವೇಳೆಯನ್ನು ಗೊತ್ತುಮಾಡಿಕೊಳ್ಳಲಿ. ಪಶ್ಚಿಮಕ್ಕೆ ಹಾರುವಾಗ ಹಗಲು ಹಿಗ್ಗುತ್ತದೆ, ಅದನ್ನು ನೆಪ ಮಾಡಿಕೊಂಡು ನಾಲ್ಕು ಬಾರಿ ಉಣ್ಣಬೇಕಾಗಿಲ್ಲ. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ದಾರಿ. 48 ನಿಮಿಷಕ್ಕೊಂದರಂತೆ ಐದು ಸಾಮಾಯಿಕಗಳ ಹೊತ್ತು ಅದು. ಅದರಲ್ಲಿ ಒಂದನ್ನು, ಊಟದ ತಟ್ಟೆಗಳನ್ನು ತೆಗೆದು ದೀಪ ಮಂಕಾಗಿಸಿದ ಮೇಲೆ, ಎದುರಿನ ಪರದೆಯನ್ನು ಆರಿಸಿ ಯಾವ ಸಾಲಿನ ಆಸನದಲ್ಲಿ ಕುಳಿತೂ ಮಾಡಬಹುದು.